ಬೇಸಿಗೆ ರಜೆಯ ಕೆಲಸ, ಪದವಿಯ ಓದು

ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇತ್ತು. ಆ ಬಿರುದುಗಳ ದೊರೆ ಯಾರೆಂಬುದು ಅದರಿಂದ ಖಚಿತವಾಯಿತು. ಶಾಸನವನ್ನು ಓದಿ ಪ್ರಕಟಿಸಿದವರು ವಿದ್ವಾಂಸ ಎಚ್. ಕೃಷ್ಣಶಾಸ್ತ್ರಿ. ನೆಲದಲ್ಲಿ ಓಡಾಡಿದವರ ಕಣ್ಣು, ಲಿಪಿ ಬಲ್ಲವರ ಓದು ಎರಡೂ ಸೇರಿದ್ದರಿಂದ ಭಾರತದ ಇತಿಹಾಸದ ಒಂದು ದೊಡ್ಡ ಪ್ರಶ್ನೆ ಬಗೆಹರಿಯಿತು. ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಕೆಲಸದ ಅನುಭವ ಬೇಕು ಎನ್ನುವುದು ಇದೇ ಕಾರಣಕ್ಕೆ.

ಎಲ್ಲಿಂದ ಬಂತು ಈ ಪದ್ಧತಿ?

ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 1906ರಲ್ಲಿ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಹೊಸ ಕ್ರಮವೊಂದನ್ನು ಆರಂಭಿಸಿದರು. ವಿದ್ಯಾರ್ಥಿಗಳು ಕೆಲಕಾಲ ತರಗತಿಯಲ್ಲಿ, ಕೆಲಕಾಲ ಕಾರ್ಖಾನೆಯಲ್ಲಿ ಕಲಿಯುತ್ತಿದ್ದರು. ನಮ್ಮಲ್ಲಿ ಕೃಷಿ ಪದವಿಗೆ ಇಂಥದ್ದೇ ಗ್ರಾಮೀಣ ಕಾರ್ಯಾನುಭವ ಕಡ್ಡಾಯ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು, ಊರಿನ ನಕ್ಷೆ ಬರೆದು, ರೈತರ ಹೊಲದಲ್ಲಿ ನಿಂತು ಕಲಿಯುತ್ತಾರೆ. ಅದಕ್ಕೆ ಅಂಕಗಳೂ ಉಂಟು.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ಇಂಥ ಗಟ್ಟಿ ಏರ್ಪಾಡು ಇನ್ನೂ ಆಗಿಲ್ಲ. ರಾಜ್ಯದಲ್ಲಿ ಪದವಿಯ ಸ್ವರೂಪ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬದಲಾಯಿತು. ಪಠ್ಯಕ್ರಮ ಹೇಗೇ ಇರಲಿ, ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ಕಲಿಯುವ ಜಾಗಗಳು ಮನೆಯ ಹತ್ತಿರವೇ ಇವೆ.

ಸಿಂಧನೂರು: ಭತ್ತವೇ ಪಾಠ

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಸೀಮೆಯನ್ನಾಗಿ ಮಾಡಿತು. ಕಾಲುವೆಗೆ ನೀರು ಸಿಕ್ಕ ವರ್ಷ ಎರಡನೇ ಬೆಳೆಯ ಕೊಯ್ಲು ಬೇಸಿಗೆಯಲ್ಲೇ ಬರುತ್ತದೆ. ರೈಸ್‌ಮಿಲ್ಲುಗಳಿಗೆ ಆಗ ಕೈತುಂಬ ಕೆಲಸ. ಅಲ್ಲಿ ವಿಜ್ಞಾನದ ವಿದ್ಯಾರ್ಥಿ ಮೊದಲು ಕಲಿಯುವುದು ತೇವಾಂಶ ಅಳೆಯುವುದನ್ನು. ಶೇ 14ಕ್ಕಿಂತ ಹೆಚ್ಚು ತೇವವಿರುವ ಭತ್ತವನ್ನು ದಾಸ್ತಾನು ಮಾಡಿದರೆ ಬೂಸ್ಟು ಹಿಡಿಯುತ್ತದೆ. ತೀರಾ ಒಣಗಿಸಿದರೆ ಮಿಲ್ಲಿನಲ್ಲಿ ನುಚ್ಚು ಹೆಚ್ಚುತ್ತದೆ. ಸರ್ಕಾರ ಖರೀದಿಸಿದ ಭತ್ತವನ್ನು ಮಿಲ್ ಮಾಡಿಕೊಡುವಾಗ ಕ್ವಿಂಟಲ್‌ಗೆ 67 ಕೆ.ಜಿ. ಅಕ್ಕಿ ಕೊಡಬೇಕು, ಕುಸುಬಲಕ್ಕಿಯಾದರೆ 68 ಕೆ.ಜಿ. ಉಳಿದ ತೌಡು, ಹೊಟ್ಟು, ನುಚ್ಚಿನ ಲೆಕ್ಕದಲ್ಲಿ ಮಿಲ್ಲಿನ ಅರ್ಥಶಾಸ್ತ್ರವೇ ಅಡಗಿದೆ.

ಬಿ.ಕಾಂ. ವಿದ್ಯಾರ್ಥಿನಿಗೆ ಅದೇ ಮಿಲ್ಲಿನ ಲೆಕ್ಕದ ಕೋಣೆ ಬೇರೊಂದು ಪಾಠ ಹೇಳುತ್ತದೆ. 2022ರ ಜುಲೈ 18ರಂದು, 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅದರ ಬೆನ್ನಿಗೇ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿತು. ತೆರಿಗೆಯ ಒಂದು ಸಾಲು ಮಾರುಕಟ್ಟೆಯನ್ನು ಹೇಗೆ ತಿರುಗಿಸುತ್ತದೆ ಎಂಬುದನ್ನು ಬಿಲ್ ಬರೆದವರು ಮರೆಯಲಾರರು.

ಇದೇ ಕಾಲುವೆ ಸೀಮೆಯಲ್ಲಿ ಸವಳು ಭೂಮಿಯ ಸಂಕಟವೂ ಇದೆ. ಕಪ್ಪು ಮಣ್ಣಿನಲ್ಲಿ ನೀರು ಸರಾಗವಾಗಿ ಬಸಿಯುವುದಿಲ್ಲ. ಸದಾ ನೀರು ನಿಂತರೆ ಅಂತರ್ಜಲ ಮೇಲೇರುತ್ತದೆ, ಅದರ ಜತೆ ಲವಣವೂ ಮೇಲೆ ಬರುತ್ತದೆ. ಮಣ್ಣಿನ ಮಾದರಿ ತಂದು ಪರೀಕ್ಷಿಸುವ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಪ್ರಯೋಗಾಲಯದ ಅಂಕಿ ರೈತನ ಇಳುವರಿಯಾಗಿ ಅರ್ಥವಾಗುತ್ತದೆ.

ಲಿಂಗಸುಗೂರು ಮತ್ತು ಮಸ್ಕಿ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಚಿನ್ನ ತೆಗೆದ ಕುರುಹುಗಳಿವೆ. ಈಗಿನ ಕಂಪನಿ 1947ರಲ್ಲಿ ಆರಂಭವಾಯಿತು. ಇಂದು ಅದು ಕರ್ನಾಟಕ ಸರ್ಕಾರದ ಉದ್ಯಮ. ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ. ಅದಿರನ್ನು ಪುಡಿಮಾಡಿ, ಅದರಲ್ಲಿನ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ಬೇರ್ಪಡಿಸುವ ಕ್ರಮ ಭೂವಿಜ್ಞಾನ, ರಸಾಯನಶಾಸ್ತ್ರ ಓದುವವರ ಪಠ್ಯಕ್ಕೆ ಜೀವ ಕೊಡುತ್ತದೆ. ಆದರೆ ಗಣಿ ಅಪಾಯದ ಜಾಗ. ಸುರಕ್ಷತಾ ತರಬೇತಿ ಇಲ್ಲದೆ, ಹೊಣೆಯ ಮೇಲ್ವಿಚಾರಕರಿಲ್ಲದೆ ವಿದ್ಯಾರ್ಥಿಗಳನ್ನು ಒಳಗೆ ಕಳಿಸಕೂಡದು.

ಇದೇ ತಾಲ್ಲೂಕಿನ ಮುದಗಲ್ ಕೋಟೆ, ಮಸ್ಕಿಯ ಶಾಸನ ಇತಿಹಾಸ ಓದುವವರಿಗೆ ತೆರೆದ ತರಗತಿಗಳು. ಬಂದವರಿಗೆ ವಿವರಿಸುವುದು, ಊರಿನ ಹಿರಿಯರ ನೆನಪುಗಳನ್ನು ದಾಖಲಿಸುವುದು, ಕನ್ನಡದಲ್ಲಿ ಕಿರು ಪರಿಚಯ ಬರೆಯುವುದು ಒಂದು ಬೇಸಿಗೆಗೆ ಬೇಕಾದಷ್ಟು ಕೆಲಸ. ಮಸ್ಕಿ ಹೊಸ ತಾಲ್ಲೂಕು; ಸರ್ಕಾರಿ ಕಚೇರಿ ಬೆಳೆಯುವ ಬಗೆಯನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿ ಅಲ್ಲಿ ಕಣ್ಣಾರೆ ನೋಡಬಹುದು.

ಹಣದ ಮಾತು

ಈ ಭಾಗದ ಎಷ್ಟೋ ಮನೆಗಳವರು ಬೇಸಿಗೆಯಲ್ಲಿ ಗುಳೆ ಹೋಗುತ್ತಾರೆ. ಮುಂದಿನ ವರ್ಷದ ಫೀಸಿಗಾಗಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಗುದ್ದಲಿ ಹಿಡಿದ ವಿದ್ಯಾರ್ಥಿಗಳಿದ್ದಾರೆ. ಅಂಥವರಿಗೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂದರೆ ಮನೆಗೆ ನಷ್ಟ. ಆದ್ದರಿಂದ ಕೂಲಿಗೆ ಕಡಿಮೆಯಿಲ್ಲದ ಸ್ಟೈಪೆಂಡ್ ಕೊಡಲೇಬೇಕು. ಇಲ್ಲದಿದ್ದರೆ ಉಳ್ಳವರ ಮಕ್ಕಳು ಮಾತ್ರ ಕಲಿಯುತ್ತಾರೆ. ಪ್ರಯಾಣ ದೊಡ್ಡ ತೊಡಕಲ್ಲ. ಮೂರೂ ಊರುಗಳು ಒಂದೇ ಹೆದ್ದಾರಿಯಲ್ಲಿವೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರ ಬಸ್ ಖರ್ಚೂ ತಗ್ಗಿದೆ.

ಏನು ಮಾಡಬೇಕು?

- ಪರೀಕ್ಷೆಗೆ ಮುನ್ನವೇ ಪ್ರಾಂಶುಪಾಲರ ಪತ್ರದೊಂದಿಗೆ ಮಿಲ್, ಬ್ಯಾಂಕ್, ಕಚೇರಿಗಳನ್ನು ಕೇಳಿ.
- ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಎಷ್ಟು ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.
- ದಿನವೂ ಅರ್ಧ ಪುಟ ಬರೆಯಿರಿ: ಏನು ಮಾಡಿದೆ, ಏಕೆ ಹಾಗೆ ಮಾಡುತ್ತಾರೆ, ಪಠ್ಯದಲ್ಲಿ ಇದು ಎಲ್ಲಿದೆ.
- ಕೊನೆಗೆ ಪ್ರಮಾಣಪತ್ರ ಕೇಳಿ ಪಡೆಯಿರಿ, ವರದಿಯನ್ನು ಅಧ್ಯಾಪಕರಿಗೆ ಒಪ್ಪಿಸಿ.

ಕಾಲೇಜುಗಳು ಈ ವರದಿಗೆ ಅಂಕ ಕೊಡಲಿ. ಮಿಲ್ಲಿನ ಮಾಲೀಕರು, ಅಧಿಕಾರಿಗಳು ಬೇಸಿಗೆಗೆ ಇಬ್ಬರಿಗಾದರೂ ಜಾಗ ಮಾಡಲಿ. ವಿದ್ಯಾರ್ಥಿಗಳೇ, ನಿಮ್ಮ ಪದವಿಗೆ ಬೆಲೆ ತರುವ ಕೆಲಸ ಬೆಂಗಳೂರಿನಲ್ಲೇ ಇದೆ ಎಂದುಕೊಳ್ಳಬೇಡಿ. ಮೊದಲು ನಿಮ್ಮೂರಿನಲ್ಲೇ ಕೇಳಿ.