ತಡವಾಗಿ ಪದವಿ ಪಡೆದವರ ಉದ್ಯೋಗಾನ್ವೇಷಣೆ: ವಯೋಮಿತಿ ಕುರಿತು ವಿವರಣೆ

ಸಂಸಾರದ ಹೊಣೆಯಿಂದ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ, ವರ್ಷಗಳ ನಂತರ ಮರಳಿ ಕಾಲೇಜು ಸೇರಿ ಪದವಿ ಪಡೆದವರಿಗೆ ಸರ್ಕಾರಿ ಉದ್ಯೋಗಾನ್ವೇಷಣೆಯಲ್ಲಿ ಎದುರಾಗುವ ಮೊದಲ ನಿರಾಶೆ ವಯೋಮಿತಿಯದು. ಪದವಿ ತಡವಾಗಿ ದೊರೆಯಿತೆಂಬ ಕಾರಣಕ್ಕೆ ಪ್ರತ್ಯೇಕ ಸಡಿಲಿಕೆ ಇರುವುದಿಲ್ಲ.

ಕರ್ನಾಟಕ ಸಿವಿಲ್ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳು, 1977ರನ್ವಯ ನೇರ ನೇಮಕಾತಿಗೆ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35 ವರ್ಷ. ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ಕ್ಕೆ 40. ವಿಧವೆಯರಿಗೆ 10 ವರ್ಷಗಳ ಸಡಿಲಿಕೆಯಿದೆ. ಇದನ್ನು ಅರಿಯದೆ ಅರ್ಜಿಯನ್ನೇ ಸಲ್ಲಿಸದವರೂ ಉಂಟು. ಸರ್ಕಾರವು ಕೆಲವೊಮ್ಮೆ ಒಂದು ಬಾರಿಯ ಸಡಿಲಿಕೆ ನೀಡುವುದರಿಂದ, ಆಯಾ ಅಧಿಸೂಚನೆಯಲ್ಲಿರುವ ಮಿತಿಯನ್ನೇ ನೋಡತಕ್ಕದ್ದು.

ವಯಸ್ಸನ್ನೂ ವಿದ್ಯಾರ್ಹತೆಯನ್ನೂ ಸಾಮಾನ್ಯವಾಗಿ ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕಕ್ಕೆ ಪರಿಗಣಿಸಲಾಗುತ್ತದೆ. ಅಂತಿಮ ವರ್ಷದ ಫಲಿತಾಂಶ ಬರುವ ಮೊದಲೇ ಶುಲ್ಕ ಪಾವತಿಸಿ ಅರ್ಜಿ ಹಾಕಿದವರು ದಾಖಲೆ ಪರಿಶೀಲನೆಯ ಹಂತದಲ್ಲಿ ಅನರ್ಹರಾಗುತ್ತಾರೆ. ಅಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ವಯೋಮಿತಿಯ ಅಂಚಿನಲ್ಲಿರುವವರಿಗೆ ಅದು ಸಣ್ಣ ನಷ್ಟವಲ್ಲ.

ದೂರಶಿಕ್ಷಣದ ಪದವಿ ಕಡಿಮೆ ದರ್ಜೆಯದೆಂಬ ಭಾವನೆ ಸರಿಯಲ್ಲ. ಮಾನ್ಯತೆ ಪಡೆದ ಸಂಸ್ಥೆಗಳ ಇಂತಹ ಪದವಿಯು ರೆಗ್ಯುಲರ್ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ತಾವು ಪ್ರವೇಶ ಪಡೆದ ವರ್ಷದಲ್ಲಿ ಆ ಕೋರ್ಸಿಗೆ ಮಾನ್ಯತೆ ಇತ್ತೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಮೇಲ್ಕಂಡ ವಯೋಮಿತಿ ಖಾಸಗಿ ಉದ್ಯೋಗಕ್ಕೆ ಅನ್ವಯಿಸುವುದಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ನೋಂದಣಿ ಉಚಿತ. ಹಿಂದೆಯೇ ನೋಂದಾಯಿಸಿದವರು ಹೊಸ ಪದವಿಯ ವಿವರವನ್ನು ಸೇರಿಸತಕ್ಕದ್ದು.