ಬೆಟ್ಟಕ್ಕೆ ಹೆಸರಿಡುವವರು ಯಾರು?

ಹಿರಿಯೂರಿನಲ್ಲಿ ‘ವಾಣಿವಿಲಾಸ ಸಾಗರ’ ಎಂದು ದಾರಿ ಕೇಳಿದರೂ ತೋರಿಸುತ್ತಾರೆ, ‘ಮಾರಿಕಣಿವೆ’ ಎಂದರೂ ತೋರಿಸುತ್ತಾರೆ. ಮೊದಲನೆಯದು ಸರ್ಕಾರ ಇಟ್ಟ ಹೆಸರು, ಎರಡನೆಯದು ಜನರದು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಲ್ಲಿ ಕೈಗೆತ್ತಿಕೊಂಡು 1907ರಲ್ಲಿ ಮುಗಿಸಿದ ಅಣೆಕಟ್ಟೆ ಇದು. ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ 1902ರವರೆಗೆ ರಾಜ್ಯಭಾರ ನಡೆಸಿದ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರು ಜಲಾಶಯಕ್ಕೆ ಬಂತು. ಆದರೆ ಕಣಿವೆಗೆ ಹೆಸರು ಕೊಟ್ಟಿದ್ದ ಮಾರಮ್ಮ ಜಾಗ ಖಾಲಿ ಮಾಡಲಿಲ್ಲ. 1933ರ ನಂತರ 89 ವರ್ಷ ಕಾದು 2022ರಲ್ಲಿ ಜಲಾಶಯ ಕೋಡಿ ಬಿದ್ದಾಗಲೂ ಜನರ ಬಾಯಲ್ಲಿ ಎರಡೂ ಹೆಸರುಗಳಿದ್ದವು.

ಅಣೆಕಟ್ಟೆಗೆ ಕಟ್ಟಿಸಿದವರ ಹೆಸರಿಡುವುದು ಸರಿ. ಯಾರೂ ಕಟ್ಟದ ಬೆಟ್ಟಕ್ಕೆ?

ಅಮೆರಿಕದಲ್ಲಿ ಇದು ಶಾಸನಸಭೆಯವರೆಗೂ ಹೋಗುವ ವಿಷಯ. ಅಲಾಸ್ಕಾದ 20,310 ಅಡಿ ಎತ್ತರದ ಶಿಖರವನ್ನು ಅಲ್ಲಿನ ಮೂಲನಿವಾಸಿಗಳು ‘ಡೆನಾಲಿ’ ಎನ್ನುತ್ತಿದ್ದರು. 1896ರಲ್ಲಿ ಚಿನ್ನ ಹುಡುಕಿಕೊಂಡು ಹೋದವನೊಬ್ಬ ಅದಕ್ಕೆ ಓಹಿಯೋದ ರಾಜಕಾರಣಿ ವಿಲಿಯಂ ಮೆಕಿನ್ಲಿಯ ಹೆಸರಿಟ್ಟ. ಮುಂದೆ ಅಧ್ಯಕ್ಷರಾದ ಮೆಕಿನ್ಲಿ ಅಲಾಸ್ಕಾದಲ್ಲಿ ಕಾಲಿಟ್ಟವರೇ ಅಲ್ಲ. 1917ರ ಕಾಯ್ದೆಯೊಂದು ಅಲ್ಲಿನ ರಾಷ್ಟ್ರೀಯ ಉದ್ಯಾನಕ್ಕೂ ಅದೇ ಹೆಸರನ್ನು ಕೊಟ್ಟಿತು. ಹಳೆಯ ಹೆಸರೇ ಬೇಕೆಂದು ಅಲಾಸ್ಕಾ 1975ರಲ್ಲಿ ಕೇಳಿದಾಗ ಓಹಿಯೋದ ಸದಸ್ಯರು ಹೂಡಿದ ಉಪಾಯ ಸ್ವಾರಸ್ಯಕರ. ಮಸೂದೆ ಬಾಕಿ ಇರುವಾಗ ಅಲ್ಲಿನ ಸ್ಥಳನಾಮ ಮಂಡಳಿ ಆ ಹೆಸರಿನ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಅವರು ಮತ್ತೆ ಮತ್ತೆ ಮಸೂದೆ ಮಂಡಿಸಿದರು. ಅಂಗೀಕಾರವಾಗದ ಮಸೂದೆಯೇ ದಶಕಗಳ ಕಾಲ ಹೆಸರನ್ನು ಕಾಯಿತು! 2015ರಲ್ಲಿ ಡೆನಾಲಿ ಮರಳಿತು. 2025ರ ಜನವರಿಯಲ್ಲಿ ಅಧ್ಯಕ್ಷರ ಆದೇಶದಿಂದ ಮತ್ತೆ ಮೆಕಿನ್ಲಿ ಆಯಿತು.

ನಮ್ಮಲ್ಲಿ ರಾಜ್ಯದ ಹೆಸರು ಬದಲಾಗಬೇಕಾದರೆ ಸಂಸತ್ತಿನ ಕಾಯ್ದೆಯೇ ಬೇಕು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾದದ್ದು ಹಾಗೆ. ಊರಿಗಾದರೆ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಸಾಕು. ವಿಶೇಷ ಕಾರಣವಿಲ್ಲದೆ ಜನರಿಗೆ ರೂಢಿಯಾದ ಹೆಸರನ್ನು ಬದಲಿಸಬಾರದೆಂದು ಆ ಸಚಿವಾಲಯ 1953ರಲ್ಲೇ ಸೂಚಿಸಿತ್ತು. ಬೆಟ್ಟಗಳ ಪಾಲಿಗೆ ಇಷ್ಟು ಕಟ್ಟುನಿಟ್ಟಿಲ್ಲ. 2024ರಲ್ಲಿ ಅರುಣಾಚಲದ ಹೆಸರಿಲ್ಲದ ಶಿಖರವೊಂದನ್ನು ಏರಿದ ಪರ್ವತಾರೋಹಿಗಳ ತಂಡವೇ ಅದಕ್ಕೆ ಆರನೆಯ ದಲೈಲಾಮಾ ತ್ಸಾಂಗ್ಯಾಂಗ್ ಗ್ಯಾತ್ಸೋ ಅವರ ಹೆಸರಿಟ್ಟಿತು. ಚೀನಾ ಕೂಡಲೇ ತಕರಾರು ತೆಗೆಯಿತು. ಹೆಸರಿಟ್ಟವರು ನೆಲದ ಹಕ್ಕನ್ನೂ ಹೇಳಿಕೊಂಡಂತೆ ಎಂಬುದು ಎರಡೂ ದೇಶಗಳಿಗೆ ಗೊತ್ತು.

ಚಿತ್ರದುರ್ಗ ಜಿಲ್ಲೆಯ ಊರುಗಳು ಈ ಗೊಡವೆಗೆ ಹೋಗಿಲ್ಲ. ಹೊಸದುರ್ಗದಲ್ಲಿ ದುರ್ಗವಿದೆ, ಹೊಳಲ್ಕೆರೆಯಲ್ಲಿ ಕೆರೆಯಿದೆ. ಚಿತ್ರದುರ್ಗವನ್ನು ಬ್ರಿಟಿಷರು ‘ಚಿತಲ್‌ಡ್ರೂಗ್’ ಎಂದು ಬರೆದದ್ದು ಅವರ ಕಡತಗಳಲ್ಲೇ ಉಳಿಯಿತು. ಕೋಟೆಯೊಳಗಿನ ಇಕ್ಕಟ್ಟಾದ ಸಂದಿಗೆ ‘ಓಬವ್ವನ ಕಿಂಡಿ’ ಎಂಬ ಹೆಸರು ಬಂದದ್ದು, ಒನಕೆ ಹಿಡಿದು ಹೈದರನ ಸೈನಿಕರನ್ನು ತಡೆದ ಕಾವಲುಗಾರನ ಹೆಂಡತಿಯ ಕಥೆಯಿಂದ. ಸರ್ಕಾರ ಆಕೆಯ ಜಯಂತಿ ಆಚರಿಸಲು ಆದೇಶಿಸಿದ್ದು 2021ರಲ್ಲಿ. ಪಟ್ಟಣದ ದಕ್ಷಿಣಕ್ಕಿರುವ ಎತ್ತರದ ಬೆಟ್ಟ ಜೋಗಿಮಟ್ಟಿ, ಹೆಸರಿನಲ್ಲಿ ಜೋಗಿಯೊಬ್ಬನಿದ್ದಾನೆ. ಆ ಕಾಡು ವನ್ಯಜೀವಿ ಧಾಮವಾದಾಗ ಸರ್ಕಾರ ಹೊಸ ಹೆಸರನ್ನು ಹುಡುಕಲಿಲ್ಲ, ಜೋಗಿಮಟ್ಟಿ ಎಂದೇ ಬರೆದುಕೊಂಡಿತು.