ಉಬ್ಬದ ಹಿಟ್ಟು, ಉಕ್ಕಿದ ಹಾಲು

ಡಿಸೆಂಬರ್ ತಿಂಗಳ ಒಂದು ಭಾನುವಾರದ ಬೆಳಿಗ್ಗೆ. ಹಿಂದಿನ ರಾತ್ರಿ ರುಬ್ಬಿಟ್ಟ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದ ಗೃಹಿಣಿಯ ಮುಖ ಸಪ್ಪಗಾಗುತ್ತದೆ. ಹಿಟ್ಟು ಒಂದಂಗುಲವೂ ಮೇಲೆದ್ದಿಲ್ಲ. ಇಡ್ಲಿಗೆ ಕಾದಿದ್ದವರಿಗೆ ಮತ್ತೆ ಉಪ್ಪಿಟ್ಟೇ ಗತಿ! ಆ ಚಿಂತೆಯಲ್ಲಿ ಒಂದು ಗಳಿಗೆ ಮೈಮರೆತರೆ ಸಾಕು, ಅತ್ತ ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದಿರುತ್ತದೆ. “ಇಲ್ಲೇ ಕೂತಿದ್ದೀಯಲ್ಲೋ, ಸ್ವಲ್ಪ ನೋಡಬಾರದಾ?” ಎಂಬ ಗದರಿಕೆಗೆ “ಓದ್ತಾ ಇದ್ದೆ ಅಮ್ಮಾ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಅವನು ಓದುತ್ತಿದ್ದುದಾದರೂ ಏನು? ಸೂಕ್ಷ್ಮಜೀವಿಗಳ ಪಾಠ!

ತಮಾಷೆ ಇರುವುದೇ ಇಲ್ಲಿ. ಪುಸ್ತಕದ ‘ಹುದುಗುವಿಕೆ’ ನಾಲ್ಕು ಮಾರು ದೂರದ ಪಾತ್ರೆಯೊಳಗೆ ನಡೆಯಬೇಕಿತ್ತು. ನಡೆಯಲಿಲ್ಲ. ಏಕೆ? ಉದ್ದು, ಅಕ್ಕಿಗಳ ಜೊತೆಯಲ್ಲೇ ಬರುವ ಬ್ಯಾಕ್ಟೀರಿಯಾಗಳು ನೆನೆದ ಹಿಟ್ಟಿನಲ್ಲಿ ವೃದ್ಧಿಯಾಗುತ್ತವೆ. ಅವುಗಳಲ್ಲಿ ಮುಖ್ಯವಾದುದು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಇವು ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಹುಳಿ ಬರಿಸುವ ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ಉದ್ದಿನ ಲೋಳೆ ಆ ಅನಿಲದ ಗುಳ್ಳೆಗಳನ್ನು ಹಿಡಿದಿಡುವುದರಿಂದಲೇ ಹಿಟ್ಟು ಉಬ್ಬುತ್ತದೆ. ಅಕ್ಕಿಯೊಂದನ್ನೇ ರುಬ್ಬಿಟ್ಟರೆ ಆ ಪರಿ ಉಬ್ಬದಿರುವುದು ಇದೇ ಕಾರಣಕ್ಕೆ.

ಈ ಜೀವಿಗಳಿಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚನೆಯ ವಾತಾವರಣ ಹಿತ. ಆದ್ದರಿಂದಲೇ ಬೇಸಿಗೆಯ ರಾಯಚೂರಿನಲ್ಲಿ ಮುಚ್ಚಳ ತಳ್ಳಿಕೊಂಡು ಹೊರಚೆಲ್ಲುವ ಹಿಟ್ಟು, ಚಳಿಗಾಲದ ಮಡಿಕೇರಿಯಲ್ಲಿ ಅಲ್ಲಾಡದೆ ಮಲಗಿರುತ್ತದೆ.

ಹಾಲಿನ ಕಥೆಯೂ ಇಂಥದೇ. ನೀರು ಕುದಿದರೆ ಗುಳ್ಳೆ ಮೇಲೆ ಬಂದು ಒಡೆಯುತ್ತದೆ, ಅಷ್ಟೆ. ಹಾಲು ಕಾದಾಗ ಮಾತ್ರ ಅದರ ಪ್ರೋಟೀನು, ಕೊಬ್ಬು ಸೇರಿ ಮೇಲೊಂದು ಪದರ ಕಟ್ಟುತ್ತವೆ. ಅಡಿಯಿಂದೆದ್ದ ಆವಿ ಹೊರಬರಲು ದಾರಿಯಿಲ್ಲದೆ ಪದರವನ್ನೇ ಮೇಲಕ್ಕೆತ್ತಿಬಿಡುತ್ತದೆ. ಪಾತ್ರೆಯಲ್ಲೊಂದು ಸೌಟು ಇಡುವ ಅಜ್ಜಿಯ ಉಪಾಯ ಆ ಆವಿಗೆ ದಾರಿ ಮಾಡಿಕೊಡುವುದಕ್ಕೇ.

ಇನ್ನು ಮೊದಲ ದೋಸೆ! ಅದು ಕಾವಲಿಗೆ ಕಚ್ಚಿಕೊಳ್ಳದ ಮನೆ ಅಪರೂಪ. ಕಾವಲಿ ಸಾಕಷ್ಟು ಕಾಯದಿದ್ದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಕಬ್ಬಿಣಕ್ಕೆ ಅಂಟುತ್ತದೆ. ಅತಿಯಾಗಿ ಕಾದರೆ ಹಿಟ್ಟನ್ನು ಹರಡಲೂ ಬಿಡುವುದಿಲ್ಲ. ಅದಕ್ಕೇ ಗೃಹಿಣಿ ನಾಲ್ಕು ಹನಿ ನೀರು ಚಿಮುಕಿಸಿ ನೋಡುತ್ತಾಳೆ. ಹನಿ ‘ಚುಂಯ್’ ಎಂದು ಆರಿದರೆ ಹದವಾಗಿದೆ. ಮುತ್ತಿನಂತೆ ಉರುಳಾಡಿದರೆ ಕಾವು ಹೆಚ್ಚಾಯಿತು. ತನ್ನದೇ ಆವಿಯ ಮೇಲೆ ಹನಿ ತೇಲುವ ಈ ಸೋಜಿಗವನ್ನು ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಬರೆದಿಟ್ಟ. ಭೌತಶಾಸ್ತ್ರದಲ್ಲಿ ಅದಕ್ಕೆ ಅವನ ಹೆಸರೇ ಉಳಿಯಿತು.

ಅಡುಗೆಮನೆಯ ತಿಳಿವಳಿಕೆ ಪುಸ್ತಕಕ್ಕೆ ಏರಬಾರದೆಂದೇನೂ ಇಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವಿದೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡದ ಪಂಡಿತನೊಬ್ಬ ಒಲೆಯ ಮುಂದಿನ ವಿದ್ಯೆಯನ್ನು ಓಲೆಗರಿಗೆ ತಕ್ಕುದೆಂದು ಎಣಿಸಿದ್ದ.

ಆದರೆ ಪರೀಕ್ಷೆಯ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಮಾತು ಎರಡೇ ಪ್ರಶ್ನೆಗೆ ಇಳಿದಿರುತ್ತದೆ: “ಓದಿದ್ಯಾ?” “ಎಷ್ಟು ಬಂತು?” ಉತ್ತರವೂ ಅಷ್ಟೇ ಚುಟುಕು. ಹೆಚ್ಚಿಗೆ ಕೇಳಿದರೆ “ನಿಂಗೆ ಗೊತ್ತಾಗಲ್ಲ ಬಿಡಮ್ಮ” ಎಂದು ಮಗ ರೂಮು ಸೇರುತ್ತಾನೆ. “ಹೌದಪ್ಪ, ನಾನೇನು ಓದಿದೋಳಾ” ಎಂದು ತಾಯಿ ಸುಮ್ಮನಾಗುತ್ತಾಳೆ. ಅದೇ ತಾಯಿ ಚಳಿಗೆ ಹಿಟ್ಟಿನ ಪಾತ್ರೆಗೆ ಹಳೆಯ ಕಂಬಳಿ ಸುತ್ತಿಟ್ಟಾಗ ಉಷ್ಣಾಂಶವನ್ನು ಕಾಯ್ದುಕೊಳ್ಳುತ್ತಿರುತ್ತಾಳೆ. ಮಗನಿಗೆ ಬ್ಯಾಕ್ಟೀರಿಯಾದ ಹೆಸರು ಬಾಯಿಪಾಠ, ಹಿಟ್ಟಿನ ಹದ ತಿಳಿಯದು. ತಾಯಿಗೆ ಹದ ಗೊತ್ತು, ಹೆಸರು ಗೊತ್ತಿಲ್ಲ. ಇಬ್ಬರ ಕೈಯಲ್ಲೂ ಅರ್ಧರ್ಧ ಪಾಠ!

ಎರಡನ್ನೂ ಕೂಡಿಸಲು ಟ್ಯೂಷನ್ ಬೇಕಿಲ್ಲ. ಶನಿವಾರ ರಾತ್ರಿ ಎರಡು ಡಬ್ಬಿಗಳಲ್ಲಿ ಅದೇ ಹಿಟ್ಟನ್ನು ತುಂಬಿ, ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಬಿಸಿನೀರಿನ ಪಾತ್ರೆಯ ಪಕ್ಕ ಕಂಬಳಿಯಲ್ಲಿ ಸುತ್ತಿಟ್ಟರಾಯಿತು. ಹಿಟ್ಟಿನ ಮಟ್ಟಕ್ಕೆ ಹೊರಗಿನಿಂದ ಸೀಮೆಸುಣ್ಣದಲ್ಲಿ ಒಂದು ಗೆರೆ. ಬೆಳಿಗ್ಗೆ ಎದ್ದವನು ಮೊದಲು ಓಡುವುದು ಅಡುಗೆಮನೆಗೇ.

ಕಂಬಳಿಯೊಳಗಿನ ಹಿಟ್ಟು ಗೆರೆ ದಾಟಿ ಮುಚ್ಚಳಕ್ಕೆ ತಾಗಿದ್ದರೆ, “ಅಮ್ಮಾ, ಬಾ ಇಲ್ಲಿ!” ಎಂಬ ಕೂಗು ಏಳುತ್ತದೆ. ಅಂದು ಇಡ್ಲಿ ಹತ್ತಿಯಂತೆ ಹಗುರ. ತಾಯಿ ಮಗ ಇಬ್ಬರೂ ಡಬ್ಬಿಯ ಮೇಲೆ ಬಗ್ಗಿರುವಾಗ ಹಿಂದೆ ಹಾಲು ಮತ್ತೊಮ್ಮೆ ಉಕ್ಕಿದರೂ, ಅಂದು ಗದರುವವರು ಯಾರೂ ಇರುವುದಿಲ್ಲ.